ಆರನೇ ಡೆಸ್ಕಿನ ದನಿ

"ಮೇಡಂ, ಕಂಪ್ಯೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?"

"ಇನ್ನೊಂದ್ಸಲ ಆ ಮಾತು ಬಂದ್ರೆ ಈ ಕಂಪ್ಯೂಟರನ್ನ ಕಿಟಕಿಯಿಂದ ಆಚೆ ಎಸೀತೀನಿ! ಬೆಳಗ್ಗೆಯಿಂದ ನಿಮ್ಮವರೆಲ್ಲ ಇದನ್ನೇ ಹೇಳ್ತಿದ್ದೀರಿ. ಒಬ್ಬೊಬ್ಬರಿಗೂ ಮೊದಲಿಂದ ಕಥೆ ಹೇಳಿ ಹೇಳಿ ನನ್ನ ಗಂಟಲೇ ಬಿದ್ದುಹೋಯ್ತು!"

ಆ ಕಡೆಯಿಂದ ಹತ್ತಾರು ದನಿಗಳ ಗುಜುಗುಜು ಮಾತ್ರ ಕೇಳಿಸಿತು.

ಫೋನ್ ಪಕ್ಕಕ್ಕಿಟ್ಟು ಎದ್ದೇಹೋದ ಅಂದುಕೊಂಡಳು ಅವಳು.

"ಮೇಡಂ..." ಆ ಗಂಡಸಿನ ದನಿ ಅವಳದಕ್ಕಿಂತ ಹೆಚ್ಚು ದಣಿದಿತ್ತು. "ಊಟ ಮಾಡಿದ್ರಾ?"

ಅವಳಿಗೆ ಮೈಯೆಲ್ಲ ಉರಿಯಿತು. "ಇದೂ ನೀವು ನೋಡ್ಕೊಂಡು ಓದೋ ಹಾಳೆಯಲ್ಲಿ ಬರೆದಿದ್ಯಾ?"

"ಇಲ್ಲ. ಇದು ನಾನೇ ಕೇಳಿದ್ದು."

ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಯಾಕೋ ಏನೋ, ಕಣ್ಣು ತುಂಬಿ ಬಂತು... ಇಲ್ಲ, ಅವಳು ಊಟ ಮಾಡಿರಲಿಲ್ಲ.

ಕಿವಿ ಮಂದವಾದವರಿಗೆ ಮಷಿನ್ ಹೊಂದಿಸಿ ಕೊಡುವುದು ಅವಳ ಕೆಲಸ. ಯಾರಿಗೆ ಯಾವ ಸದ್ದು ಎಷ್ಟು ಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಕೂರಿಸಿ, ಮಷಿನ್‌ಗೆ ತುಂಬಬೇಕು. ಅಂದು ಅಜ್ಜಿಯ ಮಷಿನ್ ಜೋಡಿಸಿದ್ದಾಗಲೇ ಸಾಫ್ಟ್‌ವೇರ್ ತಾನಾಗಿ ಅಪ್‌ಡೇಟ್ ಆಗಲು ಶುರುವಾಯಿತು. ಅರ್ಧಕ್ಕೆ ನಿಂತಿತು. ಮಷಿನ್ ಮೂಕವಾಯಿತು. ಅದಕ್ಕೇ ಆ ಮಷಿನ್ ಕಂಪನಿಗೆ ಫೋನ್ ಮಾಡಿದ್ದಳು.

ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದವಳು ಅಜ್ಜಿ. ರೇಡಿಯೊದಲ್ಲಿ ವಾರ್ತೆ ಓದುವವರ ಜೊತೆಯೂ ಜಗಳಕ್ಕೆ ನಿಲ್ಲುತ್ತಿದ್ದ ಬಾಯಿ ಅದು. ಈಗ ಎಲ್ಲರ ಮಾತಿಗೂ ಸುಮ್ಮನೆ ತಲೆಯಾಡಿಸಿ ನಗುತ್ತಿದ್ದಳು. ಕೇಳಿಸದಿದ್ದದ್ದನ್ನು ಮುಚ್ಚಿಡುವ ನಗು ಅದು. ದಿನವೂ ಕ್ಲಿನಿಕ್ಕಿನಲ್ಲಿ ಅಂಥ ನಗು ನೋಡುವವಳಿಗೆ, ಮನೆಯಲ್ಲೂ ಅದನ್ನೇ ನೋಡಬೇಕಾಗಿ ಬಂದಾಗ ಕರುಳು ಹಿಂಡಿದಂತಾಗುತ್ತಿತ್ತು. ಬೇರೆ ಮಷಿನ್ ಹಾಕಿದರೆ ತಲೆ ಸಿಡಿಯುತ್ತದೆಂದು ಕಿತ್ತಿಡುತ್ತಿದ್ದಳು ಅಜ್ಜಿ.

"ನಾಳೆ ಫೋನ್ ಮಾಡಿದಾಗ ಆರನೇ ಡೆಸ್ಕ್ ಬೇಕು ಅಂತ ಕೇಳಿ," ಅಂದಿದ್ದ ಅವನು. "ಮತ್ತೆ ಮೊದಲಿಂದ ಹೇಳೋ ಗೋಳು ಬೇಡ."

ಹಾಗೆ ಶುರುವಾಯಿತು.

ದಿನವೂ ಸಂಜೆ ಫೋನ್. ಅವನು ಹೇಳಿದ ಫೈಲ್ ತೆಗೆಯುವುದು, ಹೊಸದು ಹಾಕುವುದು, ಪರದೆಯ ಮೇಲೆ ನೀಲಿ ಗೆರೆ ಆಮೆಯಂತೆ ತೆವಳುವುದನ್ನು ಕಾಯುವುದು. ಕಾಯುತ್ತಾ ಏನು ಮಾಡುವುದು? ಮಾತು.

"ದಿನವಿಡೀ ಬೈಸ್ಕೊಂಡು ಬೇಜಾರಾಗಲ್ವಾ?" ಕೇಳಿದ್ದಳು ಒಮ್ಮೆ.

"ಮೊದಮೊದಲು ಆಗ್ತಿತ್ತು. ಈಗ ಮನೆಗೆ ಹೋದ್ರೆ ಅತ್ತಿಗೆ ಪ್ರೀತಿಯಿಂದ ಕರೆದ್ರೂ 'ಕ್ಷಮಿಸಿ, ನಿಮ್ಮ ತೊಂದರೆ ಅರ್ಥವಾಗುತ್ತೆ' ಅಂತೀನಿ!"

ಅವಳು ನಕ್ಕಳು. ಎಷ್ಟೋ ದಿನಗಳಾದ ಮೇಲೆ ಹೊಟ್ಟೆ ತುಂಬಾ ನಕ್ಕಳು.

ಸಾಫ್ಟ್‌ವೇರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆದರೂ ಸಂಜೆ ಆಗುವುದನ್ನೇ ಕಾಯುವಂತಾಗಿತ್ತು. 'ಥೂ, ಇದೇನು ಹುಚ್ಚು! ಮುಖ ನೋಡಿಲ್ಲ ಮೂತಿ ನೋಡಿಲ್ಲ...' ತನ್ನನ್ನೇ ಬೈದುಕೊಂಡಳು.

ಒಂದು ಸಂಜೆ ಅವನು ದನಿ ತಗ್ಗಿಸಿ ಹೇಳಿದ. "ಹೊಸ ಸಾಫ್ಟ್‌ವೇರಿಂದ ಇದು ಆಗಲ್ಲ. ಹಳೇದು ಬೇಕು. ಅದನ್ನ ಕೊಡೋ ಹಾಗಿಲ್ಲ ಅಂತಾರೆ ಮೇಲಿನವರು. ನಾಳೆ ಕೇಳೇ ಕೇಳ್ತೀನಿ. ನಾನೇ ನಿಮಗೆ ಫೋನ್ ಮಾಡ್ತೀನಿ. ಖಂಡಿತ."

"ಖಂಡಿತ?"

"ಖಂಡಿತ."

ಮರುದಿನ ಅವಳು ಫೋನನ್ನು ಕೈಯಲ್ಲೇ ಹಿಡಿದು ಓಡಾಡಿದಳು. ಅದು ಮೊಳಗಲೇ ಇಲ್ಲ. ಸಂಜೆ ಒಂದು ಮೆಸೇಜ್ ಬಂತು.

'ನಿಮ್ಮ ದೂರು ಬಗೆಹರಿದಿದೆ. ಆರನೇ ಡೆಸ್ಕಿನ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?'

ಬಗೆಹರಿದಿದೆಯೇ! ಎದುರಿಗೆ ಅಜ್ಜಿ ಕೂತಿದ್ದಳು, ಅದೇ ನಗು ನಗುತ್ತಾ.

ಹಾಗಾದರೆ ಆ ಮಾತು, ಆ ನಗು, ಎಲ್ಲವೂ ಗಿರಾಕಿಯನ್ನು ಸಮಾಧಾನ ಮಾಡುವ ಉಪಾಯವೇ? ಒಂದೇ ಸ್ಟಾರ್ ಒತ್ತಿದಳು. ಕೆಳಗೆ 'ಸುಳ್ಳುಗಾರ' ಎಂದು ಬರೆದಳು. ಕಳಿಸಿದ ಮೇಲೆ ದಿಂಬಿಗೆ ಮುಖ ಒತ್ತಿ ಅತ್ತಳು.

ಸಿಟ್ಟು ಇಳಿದ ಮೇಲೆ ತಡೆಯಲಾರದೆ ಫೋನ್ ಮಾಡಿದಳು.

"ಆರನೇ ಡೆಸ್ಕಿನವರು ಈಗ ಈ ವಿಭಾಗದಲ್ಲಿಲ್ಲ ಮೇಡಂ," ಎಂದಿತು ಹೊಸ ಹುಡುಗಿಯ ದನಿ. "ನಿಮ್ಮ ತೊಂದರೆ ಏನು? ಕಂಪ್ಯೂಟರ್ ಒಂದ್ಸಲ ಆಫ್ ಮಾಡಿ..."

ಅವಳು ಬೈಯಲಿಲ್ಲ. ಬೈಯುವ ತ್ರಾಣವೂ ಉಳಿದಿರಲಿಲ್ಲ.

ಸೋಮವಾರ ಕ್ಲಿನಿಕ್ಕಿಗೆ ರಜ ಹಾಕಿ, ಮಷಿನ್ ಚೀಲಕ್ಕೆ ಹಾಕಿಕೊಂಡು, ಅಜ್ಜಿಯನ್ನು ಕರೆದುಕೊಂಡು ಎರಡು ಬಸ್ ಬದಲಿಸಿ, ಆ ಕಂಪನಿಯ ಆಫೀಸಿಗೇ ಹೋದಳು. ರಿಸೆಪ್ಶನ್ ಹುಡುಗಿ ಗೋಡೆಯ ಮೇಲಿನ ನಂಬರ್ ತೋರಿಸಿದಳು.

"ಇಲ್ಲಿ ದೂರು ತಗೊಳ್ಳಲ್ಲ ಮೇಡಂ. ಆ ನಂಬರಿಗೆ ಫೋನ್ ಮಾಡಿ."

"ಮಾಡಿ ಮಾಡಿ ಸಾಕಾಗಿಯೇ ಬಂದಿದ್ದೀನಿ. ನನ್ನ ಅಜ್ಜಿಗೆ ಕೇಳಿಸೋವರೆಗೂ ಇಲ್ಲಿಂದ ಏಳಲ್ಲ."

ಅಜ್ಜಿಯನ್ನು ಸೋಫಾದ ಮೇಲೆ ಕೂರಿಸಿ, ಪಕ್ಕದ ನೆಲದ ಮೇಲೇ ಕಾಲು ಚಾಚಿ ಕುಳಿತಳು. ಅಜ್ಜಿ ಎಲ್ಲರಿಗೂ ನಗುತ್ತಾ ತಲೆಯಾಡಿಸುತ್ತಿದ್ದಳು.

"ಸ್ವಲ್ಪ ದಾರಿ ಬಿಡ್ತೀರಾ?"

ಅವಳ ಮೈ ಜುಮ್ಮೆಂದಿತು. ಆ ದನಿ!

ತಲೆಯೆತ್ತಿದಳು. ಎದೆಯೆತ್ತರಕ್ಕೆ ರಟ್ಟಿನ ಪೆಟ್ಟಿಗೆ ಹೊತ್ತ ತೆಳ್ಳಗಿನ ಮನುಷ್ಯ. ಕೂದಲಲ್ಲಿ ಧೂಳು, ಕಣ್ಣಡಿ ಕಪ್ಪು.

"ಆರನೇ ಡೆಸ್ಕ್...?"

ಪೆಟ್ಟಿಗೆ ಅವನ ಕೈಯಿಂದ ಜಾರಿತು.

"ಮೇಡಂ... ನೀವಾ?"

"ಫೋನ್ ಮಾಡ್ತೀನಿ ಅಂದಿದ್ರಲ್ಲ!" ಅವಳ ದನಿ ಒಡೆಯಿತು. "ಖಂಡಿತ ಅಂದಿದ್ರಿ!"

"ಹಳೇ ಸಾಫ್ಟ್‌ವೇರ್ ಕೇಳೋಕೆ ಹೋಗಿದ್ದೆ. ಒಂದೇ ದೂರಿಗೆ ಇಷ್ಟು ದಿನ ಯಾಕೆ ಅಂತ ಹೆಡ್‌ಸೆಟ್ ಕಿತ್ಕೊಂಡು ಗೋಡೌನಿಗೆ ಹಾಕಿದ್ರು. ದೂರು ಮುಚ್ಚಿದ್ದೂ ಅವರೇ. ನಿಮ್ಮ ನಂಬರ್ ನಮ್ಮ ಪರದೆ ಮೇಲೆ ಪೂರ್ತಿ ಕಾಣೋದೇ ಇಲ್ಲ, ಡೆಸ್ಕಿನ ಫೋನಿಂದ ಮಾತ್ರ ನಿಮಗೆ ಕರೆ ಹೋಗೋದು. ಪ್ರಿಂಟಿಂಗ್ ಪ್ರೆಸ್ ಮೇಲ್ಗಡೆ ನಿಮ್ಮ ಕ್ಲಿನಿಕ್ ಅಂದಿದ್ರಲ್ಲ... ಭಾನುವಾರ ಊರೆಲ್ಲ ಹುಡುಕಿದೆ. ಸಿಕ್ತು ಕೂಡ." ಅವನು ಸೋತು ನಕ್ಕ. "ಬೀಗ ಹಾಕಿತ್ತು."

ಛೇ... ತಾನು ಬರೆದದ್ದು ಎಂಥ ಮಾತು!

"ನಾನು ಒಂದೇ ಸ್ಟಾರ್ ಕೊಟ್ಟೆ."

"ನೋಡಿದೆ. ನನಗೂ ತೋರಿಸಿದ್ರು."

"ಸುಳ್ಳುಗಾರ ಅಂತ ಬರೆದೆ."

"ಅದನ್ನೂ ಓದಿದೆ. ಬೇರೆಯವರು ಬೈದದ್ದೆಲ್ಲ ಮರೆತು ಹೋಗುತ್ತೆ. ಅದೊಂದು ಮರೆಯೋಕೆ ಆಗಲಿಲ್ಲ."

ಅಷ್ಟರಲ್ಲಿ ಗದ್ದಲ ಕೇಳಿ ಅವನ ಮೇಲಧಿಕಾರಿ ಮಹಡಿಯಿಂದ ಇಳಿದು ಬಂದರು. ಸಿಡುಕು ಮುಖ. ಇನ್ನೇನು ಗದರಬೇಕು, ಅಜ್ಜಿ ಎದ್ದು ಅವರ ಎರಡೂ ಕೈ ಹಿಡಿದುಕೊಂಡು, "ನೀನೇನಪ್ಪಾ ಡಾಕ್ಟ್ರು? ನನ್ನ ಮೊಮ್ಮಗಳ ದನಿ ಕೇಳ್ದೆ ತುಂಬಾ ದಿನ ಆಯ್ತು ಕಣಪ್ಪಾ," ಅಂದಳು.

ಅವರು ಕೈ ಬಿಡಿಸಿಕೊಳ್ಳಲು ನೋಡಿದರು. ಅಜ್ಜಿ ಬಿಡಲಿಲ್ಲ. ಕೊನೆಗೆ ಅವರೂ ಸುಸ್ತಾದವರಂತೆ, "ಆ ಹಳೇ ಸಾಫ್ಟ್‌ವೇರ್ ಹಾಕಿ ಕೊಟ್ಟು ಕಳಿಸ್ರೀ," ಎಂದು ಅವನತ್ತ ಗೊಣಗಿ ಮೆಟ್ಟಿಲು ಹತ್ತಿದರು.

ಗೋಡೌನಿನ ಹಳೇ ಕಂಪ್ಯೂಟರಿನಲ್ಲಿ ಅವನು ಸಾಫ್ಟ್‌ವೇರ್ ತೆರೆದು ಕೊಟ್ಟ. ಅವಳು ಕೂತು ಒಂದೊಂದೇ ಸದ್ದನ್ನು ಹೊಂದಿಸಿದಳು. ಮಷಿನ್ ಅಜ್ಜಿಯ ಕಿವಿಗೆ ಸಿಕ್ಕಿಸಿ, "ಅಜ್ಜೀ, ಕೇಳಿಸ್ತಾ?" ಅಂದಳು.

"ಯಾಕೇ ಹಾಗೆ ಅರಚ್ತೀಯ?"

ಅವಳು ಅಜ್ಜಿಯ ಮಡಿಲಿಗೆ ಮುಖ ಹುದುಗಿಸಿ ಬಿಕ್ಕಿದಳು. ಅಜ್ಜಿ ಅವಳ ತಲೆ ಸವರುತ್ತಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರೇ ಈ ಕಡ್ಡಿಪೈಲ್ವಾನ್?" ಎಂದು ಕೇಳಿದಳು.

ಸಂಜೆ ಅವನು ಬಸ್ ಸ್ಟಾಪಿನವರೆಗೂ ಬಂದ. ಅಜ್ಜಿ ಬೇಕೆಂದೇ ಕಲ್ಲುಬೆಂಚಿನ ಆ ತುದಿಗೆ ಸರಿದು, ರಸ್ತೆಯ ಹಾರ್ನ್‌ಗಳನ್ನು ಸಂಗೀತದಂತೆ ಕೇಳುತ್ತಾ ಕುಳಿತಳು.

"ಮಷಿನ್ ಸರಿಹೋಯ್ತು," ಅವನೆಂದ. "ನಾಳೆಯಿಂದ ನಿಮ್ಮ ಜೊತೆ ಮಾತಾಡೋಕೆ ನನಗೆ ನೆಪಾನೇ ಇಲ್ಲ."

"ನೆಪ ಬೇಕಾ?"

ಅವನು ತಿರುಗಿ ನೋಡಿದ. ಅವಳ ಕೆನ್ನೆ ಬಿಸಿಯಾಯಿತು. ಆದರೂ ಕಣ್ಣು ತಗ್ಗಿಸಲಿಲ್ಲ.

"ಅಜ್ಜಿಗೆ ಅಂತ ಫೋನ್ ಮಾಡ್ತಿದ್ದೆ ಅಂದ್ಕೊಂಡಿದ್ದೆ," ಅಂದಳು ಮೆಲ್ಲಗೆ. "ನೀವು ಸಿಗದೆ ಹೋದ ಮೇಲೆ ಗೊತ್ತಾಯ್ತು... ನನಗೆ ನೀವು ಬೇಕು."

ಅವನು ಅವಳ ಹತ್ತಿರಕ್ಕೆ ಸರಿದು ಕೂತ. "ಇಡೀ ದಿನ ಯಾರ್‍ಯಾರಿಗೋ ಹೇಳ್ತಿದ್ದೆ, ನಿಮಗೋಸ್ಕರ ಇದ್ದೀನಿ ಅಂತ. ಬಾಯಿಪಾಠ. ನಿಮಗೆ ಹೇಳುವಾಗ ಮಾತ್ರ ನಿಜ ಆಗ್ತಿತ್ತು."

ಬಸ್ ಬಂತು. ಮೂವರೂ ಏಳಲಿಲ್ಲ. ಬಸ್ ಹೋಯಿತು.

"ಸುಸ್ತಾಗಿದೀರಾ?" ಅವನು ಕೇಳಿದ.

"ತುಂಬಾ. ನೀವು?"

"ನಾನೂ."

ಅವಳು ಅವನ ಹೆಗಲಿಗೆ ತಲೆ ಆನಿಸಿದಳು. "ಹಾಗಾದ್ರೆ ಇವತ್ತು ಮಾತು ಬೇಡ. ಸುಮ್ಮನೆ ಹೀಗೇ ಕೂತಿರೋಣ."

"ಹ್ಞೂಂ," ಅಂದ ಅವನು.