ಕೈಗೆಟುಕುವ ಹಾಗೆ

"ಈ ಸಲ ಹೊಸದೊಂದು ಮಾಡಿದ್ದೀನಿ, ನೋಡಿ ಇಲ್ಲಿ," ಎಂದು ಬಡಗಿ ಮೊಬೈಲನ್ನು ಮುಖದ ಮುಂದೆ ಹಿಡಿದಾಗ, ನರ್ಸ್‌ಗೆ ಹಣೆ ಚಚ್ಚಿಕೊಳ್ಳೋಣ ಅನ್ನಿಸಿತು.

ಫೋಟೋದಲ್ಲಿ ಅವನ ಅಮ್ಮನ ಮಂಚ. ಬಲಕ್ಕೆ ನೀರಿಡಲು ಗೂಡು, ಎಡಕ್ಕೆ ಮಾತ್ರೆಗೆ, ಕನ್ನಡಕಕ್ಕೆ. ಈಗ ಮಲಗಿದಲ್ಲಿಂದಲೇ ಕಿಟಕಿ ತೆಗೆಯಲು ಉದ್ದನೆಯ ಮರದ ಕೊಕ್ಕೆ ಬೇರೆ!

"ಇನ್ನು ಅಮ್ಮ ಏಳೋದೇ ಬೇಡ," ಎಂದ. ಹುಬ್ಬಿನ ಮೇಲೆ ಮರದ ಹುಡಿ, ಅದರ ಕೆಳಗೆ ಶಹಬ್ಬಾಸ್‌ಗಿರಿಗೆ ಕಾದ ಕಣ್ಣು.

ಆ ಕಣ್ಣೇ ಅವಳ ತಲೆನೋವು. ಹಳೆಯ ಬೆನ್ನುನೋವಿಗೆ ಮಲಗಿಯೇ ಇರುವುದು ಒಳ್ಳೆಯದಲ್ಲ, ಸ್ವಲ್ಪ ಸ್ವಲ್ಪವಾದರೂ ನಡೆಯಬೇಕು. ಅದನ್ನು ಮನೆಯವರಿಗೆ ಬಿಡಿಸಿ ಹೇಳುವ ಕೆಲಸ ಅವಳದು. ಪೇಷಂಟ್‌ಗಳ ಹತ್ತಿರ ಅರಳು ಹುರಿದ ಹಾಗೆ ಮಾತಾಡುವವಳು, ಮನೆಯವರು ಎದುರು ನಿಂತರೆ "ಡಾಕ್ಟರನ್ನೇ ಕೇಳಿ" ಎಂದು ಜಾರಿಕೊಳ್ಳುತ್ತಿದ್ದಳು. ಇವನ ಮುಂದೆ ಅದೂ ಇಲ್ಲ. ಪ್ರತಿ ಸಲ ಒಂದು ಹೊಸ ಗೂಡು, ಪ್ರತಿ ಸಲ ಅವಳ ಬಾಯಿಂದ "ತುಂಬಾ ಚೆನ್ನಾಗಿದೆ."

"ನೋವು ಹತ್ತಕ್ಕೆ ಎಷ್ಟಿದೆ ಅಮ್ಮಾ?" ಎಂದು ಆಸ್ಪತ್ರೆಯ ಬೆಡ್ ಮೇಲೆ ಕೂತಿದ್ದ ಅವನ ಅಮ್ಮನನ್ನು ಕೇಳಿದಳು.

"ಎಂಟು," ಎಂದ ಮಗ.

"ನಿನ್ನ ಸೊಂಟಾನ ಕೇಳಿದ್ರಾ?" ಅಮ್ಮ ಗದರಿದರು. "ನೋಡಮ್ಮ, ನಾನು ಕೆಮ್ಮಿದ್ರೂ ಇವನೇ 'ಕೆಮ್ಮು' ಅಂತಾನೆ. ಸಾಕಾಗಿ ಹೋಗಿದೆ."

ಬಡಗಿ ಕಿವಿಗೇ ಹಾಕಿಕೊಳ್ಳಲಿಲ್ಲ. "ರೀ, ಇನ್ನೊಂದು. ಗಾಲಿಕುರ್ಚಿ ಮಾಡೋಣ ಅಂತಿದ್ದೀನಿ. ಬಚ್ಚಲಿಗೂ ನಡೆಯೋ ತಾಪತ್ರಯ ಇರಲ್ಲ."

ಊರೆಲ್ಲ ಅವಳನ್ನು ಸಿಸ್ಟರ್ ಎಂದರೆ, ಇವನೊಬ್ಬ 'ರೀ' ಎನ್ನುತ್ತಿದ್ದ. ಆ 'ರೀ'ಗಾಗಿ ಅವಳು ಇಷ್ಟು ದಿನ ಸುಮ್ಮನಿದ್ದಳು. ಅಮ್ಮನ ಕಾಲಿನತ್ತ ನೋಡಿದಳು. ಹೋದ ಸಲಕ್ಕಿಂತ ಸಣಕಲಾಗಿತ್ತು. ಇಷ್ಟು ದಿನ ನುಂಗಿದ್ದೆಲ್ಲ ಒಮ್ಮೆಲೇ ಹೊರಬಂತು.

"ಮಾಡಬೇಡಿ! ಕುರ್ಚೀನೂ ಬೇಡ, ಕೊಕ್ಕೇನೂ ಬೇಡ. ಇವರ ನೋವು ಪೂರ್ತಿ ಹೋಗಲ್ಲ ರೀ. ಆದ್ರೆ ನೋವಿದ್ರೂ ಇವರು ನಡೀಬಹುದು, ಅಡುಗೆಮನೇಲಿ ನಿಂತು ನಿಮ್ಮನ್ನ ಬೈಬಹುದು. ನೀವು ಎಲ್ಲಾನೂ ಕೈಗೆ ಕೊಟ್ಟು ಕೊಟ್ಟು ಕಾಲಿನ ಶಕ್ತಿ ಕಿತ್ಕೋತಾ ಇದ್ದೀರಾ."

ಬಡಗಿಯ ಮುಖ ಕಪ್ಪಿಟ್ಟಿತು. "ಮತ್ತೆ ಚೆನ್ನಾಗಿದೆ ಅಂದ್ರಲ್ಲ? ಪ್ರತಿ ಸಲಾನೂ?"

"ಅಂದೆ. ಹೇಳಕ್ಕೆ ಧೈರ್ಯ ಬರಲಿಲ್ಲ." ಅವಳ ದನಿ ಇಳಿಯಿತು. "ಹೇಳಿದ್ರೆ ನೀವು ನನ್ನ ಹತ್ರ ಮಾತು ಬಿಡ್ತೀರಾ ಅಂತ."

ಅವನು ಮಾತು ಬಿಟ್ಟೇ ಬಿಟ್ಟ. ಅಮ್ಮನನ್ನು ಎಬ್ಬಿಸಿಕೊಂಡು ಹೊರಟವನು ತಿರುಗಿಯೂ ನೋಡಲಿಲ್ಲ.

ಮುಂದಿನ ಸಲ ಬಂದಾಗ ಅಮ್ಮ ಬಾಗಿಲಿಂದ ಬೆಡ್‌ವರೆಗೆ ತಾವೇ ನಡೆದು ಬಂದರು, ನಿಧಾನಕ್ಕೆ, ಗೋಡೆ ಹಿಡಿದು. ಹಿಂದೆ ಬಡಗಿ, ಎರಡೂ ಕೈ ಕಂಕುಳಲ್ಲಿ ಅವುಚಿಕೊಂಡು.

"ಗೂಡೆಲ್ಲ ಬಿಚ್ಚಿ ಹಾಕಿದೆ," ಎಂದ, ಅವಳ ಮುಖ ನೋಡದೆ. "ಎರಡು ದಿನ ನಿಮ್ಮ ಮೇಲೆ ಕೆಂಡದಂಥ ಕೋಪ. ಮೂರನೇ ದಿನ ಅಮ್ಮ ಎದ್ದು ಹೋಗಿ ತಾವೇ ನೀರು ಕುಡಿದ್ರು. ಆಮೇಲೆ ನನ್ನ ಮೇಲೇ ಕೋಪ."

"ನಿಮ್ಮ ಮೇಲೆ ಯಾಕೆ? ನೋವು ಕೊಟ್ಟಿದ್ದು ನೀವಲ್ಲ. ಮುಂಚೆನೇ ಬಾಯಿ ಬಿಡದಿದ್ದದ್ದು ನಾನು. ಕೈ ಯಾಕೆ ಹಾಗೆ ಕಟ್ಕೊಂಡಿದ್ದೀರಾ?"

"ಅಮ್ಮ ಎದ್ದ ಕೂಡ್ಲೇ ಹಿಡಿಯಕ್ಕೆ ಓಡುತ್ತೆ ರೀ, ಸುಮ್ನಿರಲ್ಲ." ಈಗ ನೋಡಿದ, ನೇರವಾಗಿ. "ಯಾರಾದ್ರೂ ಹಿಡ್ಕೊಂಡ್ರೆ ಇರುತ್ತೇನೋ. ಒಂದು ದಿನಕ್ಕಲ್ಲ. ಜೀವನ ಪೂರ್ತಿ."

ಮನೆಯವರ ಜೊತೆ ಮಾತಾಡಲು ಅಷ್ಟು ಕಷ್ಟಪಟ್ಟು ಕಲಿತ ಧೈರ್ಯ ಈಗ ಬಾಯಿ ಬಿಟ್ಟು ಕೈಗೆ ಇಳಿಯಿತು. ಕೈ ಚಾಚಿ ಅವನ ಕೈ ಹಿಡಿದಳು. ಅವನ ಅಂಗೈ ಉಪ್ಪುಕಾಗದದಷ್ಟು ಒರಟು, ಬೆಚ್ಚಗಿತ್ತು.

ಅಷ್ಟರಲ್ಲಿ ಅಮ್ಮ ಮತ್ತೆ ಎದ್ದು, ಇಬ್ಬರಿಗೂ ಬೆನ್ನು ಹಾಕಿ ಬಾಗಿಲ ತನಕ ಹೋಗಿದ್ದರು. ಅಲ್ಲಿಂದ ತಿರುಗಿ ಬಂದು, ಮತ್ತೆ ಹೊರಟರು.

"ಒಪ್ಪಿಗೆ ಆಯ್ತೇನ್ರೋ?" ಎಂದು ತಿರುಗದೆಯೇ ಕೂಗಿದರು. "ಬೇಗ ಮುಗಿಸಿ. ನೀವು ನಾಚ್ಕೋತಾ ನಿಂತ್ರೆ, ನಡೆದು ನಡೆದು ನೋಯೋ ಸೊಂಟ ನಂದು ಕಣ್ರಪ್ಪಾ!"