ಎಂಟರ ಕೆಳಗೆ ಎಂಟು

ಐದನೇ ಹನಿಗೇ ನೀರು ಹಳದಿಯಾಯಿತು.

ಮಿಣುಕಿ ಗಾಜಿನ ಕೊಳವೆಯನ್ನು ಅಲ್ಲಾಡಿಸಿ ನೋಡಿದಳು. ಹಳದಿಯೇ. ಟೆಸ್ಟ್ ದ್ರಾವಣದ ಏಳು ಹನಿವರೆಗೆ ನೀಲಿಯಾಗಿದ್ದು, ಎಂಟಕ್ಕೆ ಬಣ್ಣ ತಿರುಗಬೇಕಿತ್ತು.

"ಏನೇ, ನೀರಿಗೆ ಜ್ವರ ಬಂತಾ?" ಮಂಚದ ಮೇಲಿಂದ ಅಜ್ಜಿ ಕೇಳಿದಳು. "ನನ್ನ ಮಂಡಿನೋವಿಗೆ ಎರಡು ವರ್ಷ ಆಯ್ತು, ಒಂದು ಟೆಸ್ಟ್ ಮಾಡಿಸ್ಲಿಲ್ಲ ನಿಮ್ಮಪ್ಪ. ಈ ಉಪ್ಪುನೀರಿಗೆ ದಿನಾ ಟೆಸ್ಟು!"

ಮಿಣುಕಿಗೆ ನಗು ಬರಲಿಲ್ಲ.

ಗಾಜಿನ ತೊಟ್ಟಿಯಲ್ಲಿದ್ದದ್ದು ಅಪ್ಪ ಸಾಕಿದ ಹವಳ. ತಂದಾಗ ಹೆಬ್ಬೆರಳಷ್ಟಿತ್ತು, ಮೂರು ವರ್ಷದಲ್ಲಿ ಅಂಗೈಯಷ್ಟಾಗಿತ್ತು. ನೀರಿನ ಕ್ಷಾರವನ್ನು ಎಳೆದುಕೊಂಡೇ ಅದು ತನ್ನ ಎಲುಬು ಕಟ್ಟಿಕೊಳ್ಳುವುದು. ಖರ್ಚಾದ ಕ್ಷಾರವನ್ನು ತುಂಬಲು ಪುಟ್ಟ ಪಂಪೊಂದು ಸೋಡಾಪುಡಿ ಕರಗಿಸಿದ ನೀರನ್ನು ಹನಿಸುತ್ತಿತ್ತು. ದಿನಾ ಸಂಜೆ ಹನಿ ಎಣಿಸಿ ಕ್ಷಾರವನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುವುದು ಐದನೇ ಕ್ಲಾಸಿನ ಮಿಣುಕಿಯ ಕೆಲಸ.

ನೋಟ್‌ಬುಕ್ಕಿನಲ್ಲಿ ಎಂಟರ ಕೆಳಗೆ ಎಂಟು, ಅದರ ಕೆಳಗೆ ಇನ್ನೆರಡು ಎಂಟು. ನಾಲ್ಕೂ ಸುಳ್ಳು. ಸ್ಪೋರ್ಟ್ಸ್ ಪ್ರಾಕ್ಟೀಸಿನಿಂದ ಬಂದರೆ ಕಾಲು ಕಿತ್ತುಬರುತ್ತಿತ್ತು. ದಿನಾ ಎಂಟೇ ಬರುತ್ತಲ್ಲ ಅಂತ ಅಳೆಯದೆ ಬರೆದು ಬಿದ್ದುಕೊಂಡಿದ್ದಳು.

ಪಂಪಿನ ಪೈಪಿನ ತುದಿ ಬಿಳಿ ಹೆಕ್ಕಳೆಗಟ್ಟಿ ಮುಚ್ಚಿಹೋಗಿತ್ತು. ಹವಳದ ತುದಿಗಳೂ ಬೆಳ್ಳಗಾಗಿದ್ದವು.

ಮಿಣುಕಿ ಜಗ್ಗಿಗೆ ಸೋಡಾಪುಡಿ ಸುರಿದಳು. ಒಂದು ಚಮಚ, ಎರಡು, ಆರು. ಕಲಕಿ, ತೊಟ್ಟಿಯ ಮೇಲೆ ಎತ್ತಿ ಹಿಡಿದಳು.

"ಏನದು ಕೈಲಿ?"

ಬಾಗಿಲಲ್ಲಿ ಅಪ್ಪ. ಬೆಳಗಿನಿಂದ ಬಸ್ಸು ಓಡಿಸಿ ಕಣ್ಣು ಕೆಂಪಾಗಿತ್ತು.

"ಐದಕ್ಕೆ ಇಳಿದಿದೆ ಅಪ್ಪ. ನಾನು... ನಾಲ್ಕು ದಿನ ಟೆಸ್ಟೇ ಮಾಡಿಲ್ಲ. ಸುಮ್ನೆ ಬರೆದೆ."

ಅಪ್ಪ ಜಗ್ಗನ್ನು ಕಿತ್ತುಕೊಂಡ. "ಇಷ್ಟನ್ನೂ ಒಟ್ಟಿಗೆ ಸುರಿದ್ರೆ ಪಿಎಚ್ ನೆಗೆದುಬಿಡುತ್ತೆ ಕಣೇ! ಉಳಿದಿರೋದೂ ಸಾಯುತ್ತೆ. ದಿನಕ್ಕೆ ಒಂದೇ ಡಿಗ್ರಿ, ಅಂದ್ರೆ ಒಂದೇ ಹನಿಯಷ್ಟು ಏರಿಸಬೇಕು."

"ಎಂಟು ಆಗೋಕೆ ಮೂರು ದಿನ ಬೇಕಾ?"

"ಕಡಿಮೆ ಅಂದ್ರೆ."

ಅಪ್ಪ ಪೈಪನ್ನು ಕೆರೆದು ಸರಿಮಾಡಿ ಕುರ್ಚಿಯಲ್ಲಿ ಕುಸಿದ. ಮಿಣುಕಿ ಮೆಲ್ಲಗೆ ಕೇಳಿದಳು, "ಕೋಪ ಬಂತಾ?"

"ಬಂದಿದೆ. ಬೈಯೋಕೆ ಶಕ್ತಿ ಇಲ್ಲ. ನಾಳೆ ಬೈತೀನಿ."

ಮರುದಿನ ಆರನೇ ಹನಿಗೆ ಹಳದಿಯಾಯಿತು. ಅದರ ಮರುದಿನವೂ ಆರೇ. ಮಿಣುಕಿ ಮೂರು ಸಲ ಅಳೆದಳು. ಏಳು ಅಂತ ಬರೆಯಲು ಕೈ ತುರಿಸಿತು. ಬರೆಯಲಿಲ್ಲ.

"ಎಷ್ಟು?" ಕುರ್ಚಿಯಿಂದ ಅಪ್ಪನ ದನಿ.

"ಆರು."

"ಮತ್ತೆ ಆರಾ?"

ಅಪ್ಪ ಕುರ್ಚಿಯ ಕೈ ಹಿಡಿದು ಎದ್ದ. ಸೊಂಟ ಲಟಕ್ಕೆಂದಿತು. ನೋಟ್‌ಬುಕ್ ನೋಡಿ, ಕೊಳವೆಗೆ ಹೊಸ ನೀರು ತುಂಬಿ ತಾನೇ ಹನಿ ಎಣಿಸಿದ. ಆರನೆಯದಕ್ಕೆ ಹಳದಿ.

"ಆರೇ," ಎಂದು ಹೋಗಿ ಮತ್ತೆ ಕುಸಿದ.

ಮೊದಲೆಲ್ಲ ಅಪ್ಪ ಹೀಗೆ ಏಳುತ್ತಿರಲಿಲ್ಲ. ಅವಳು ಎಂಟು ಅಂದರೆ ಸಾಕು, ಕಣ್ಣು ಮುಚ್ಚಿಕೊಂಡೇ "ಹ್ಞೂಂ" ಅನ್ನುತ್ತಿದ್ದ. ಮಿಣುಕಿ ಖಾಲಿ ಕೊಳವೆಯನ್ನು ಬಹಳ ಹೊತ್ತು ತೊಳೆದಳು.

ಮಾರನೆಯ ಸಂಜೆ ಅವಳು ತೊಟ್ಟಿಯ ಹತ್ತಿರ ಟೆಸ್ಟ್ ಮಾಡಲಿಲ್ಲ. ಕೊಳವೆಯಲ್ಲಿ ನೀರು ತುಂಬಿಕೊಂಡು ಅಪ್ಪನ ಕುರ್ಚಿಯ ಬಳಿ ಬಂದು ನೆಲದ ಮೇಲೆ ಕೂತಳು.

"ನೀನು ಏಳ್ಬೇಡ ಅಪ್ಪ. ಇಲ್ಲೇ ಹನಿ ಹಾಕ್ತೀನಿ, ನೋಡು."

ಅಪ್ಪ ಒಂದು ಕಣ್ಣು ತೆರೆದ.

"ಒಂದು," ಎಂದಳು ಮಿಣುಕಿ.