ಹುತ್ತದ ಪಾಲು

ಹಾಲ್ಗೆರೆ ರಾಜ್ಯ ಪಾಲಾದ ದಿನ ಸಾಕ್ಷಿ ನಿಂತವನು ನಮ್ಮ ವಂಶದ ಮೂಲಪುರುಷ. ಸುಳ್ಳು ಅನ್ನುವವರು ಆವತ್ತು ಅಲ್ಲಿದ್ದವರನ್ನೇ ಕರೆತಂದು ಕೇಳಿ. ಅವರೆಲ್ಲ ಮಣ್ಣಾಗಿ, ಆ ಮಣ್ಣಿನ ಮೇಲೆ ಏಳು ಸಲ ಕಾಡು ಬೆಳೆದಿದೆ. ಅದಕ್ಕೇ ಸುಮ್ಮನೆ ಕೂತು ಕೇಳಿ.

ಬಹಳ ಹಿಂದೆ, ಆನೆಗಳು ಹಾರುವುದನ್ನು ಇನ್ನೂ ಪೂರ್ತಿ ಮರೆತಿರದ ಕಾಲದಲ್ಲಿ, ಹಾಲ್ಗೆರೆಯ ರಾಜನಿಗೆ ಇಬ್ಬರು ಮಕ್ಕಳು. ದೊಡ್ಡವನು ಕೆಂಚರಾಯ, ಚಿಕ್ಕವಳು ಸಿರಿಯಮ್ಮ. ಸಾಯುವ ಗಳಿಗೆಯಲ್ಲಿ ರಾಜ ಮಗಳನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದ. ಮಗನ ತಲೆ ಸವರಿದ, ಅಷ್ಟೇ. ಮಾತಾಡಲು ಉಸಿರು ಉಳಿಯಲಿಲ್ಲ.

ಕೆಂಚರಾಯನಿಗೆ ಅಪ್ಪ ಹೋದ ದುಃಖಕ್ಕಿಂತ ಆ ಗುಟ್ಟಿನ ಸಂಕಟವೇ ಹೆಚ್ಚಾಯಿತು. ಚಿಕ್ಕಂದಿನಲ್ಲಿ ಅವಳ ಲೋಟಕ್ಕೆ ಬಿದ್ದ ಕೆನೆ, ಆನೆಯ ಮೇಲೆ ಅವಳಿಗೆ ಸಿಕ್ಕ ಮುಂದಿನ ಜಾಗ, ಎಲ್ಲ ನೆನಪಾಗಿ ಒಳಗೊಳಗೇ ಕುದಿದ.

ಆ ರಾಜ್ಯದಲ್ಲಿ ಪಾಲಿಗೆ ಕಟ್ಟುನಿಟ್ಟಾದ ಕಟ್ಟಳೆಯಿತ್ತು. ಹೆಣ್ಣಿಗೂ ಗಂಡಿಗೂ ಸಮಪಾಲು. ಪಾಲು ಮಾಡುವವನು ಎಲ್ಲರಿಗಿಂತ ಹಿರಿಯ. ಆರಿಸುವುದು ಮಾತ್ರ ಕಿರಿಯರಿಂದ ಶುರು, ಹಿರಿಯನಿಗೆ ಉಳಿದದ್ದು. ಆರಿಸಿದ ಪಾಲಿನೊಳಗೆ ಕಾಲಿಟ್ಟರೆ ಅದು ಅವರದಾಯಿತು, ಆಮೇಲೆ ಬದಲಿಲ್ಲ. ಸಾಕ್ಷಿ ನಿಂತವನು ಆ ಆಸ್ತಿಯಲ್ಲಿ ಒಂದು ಕಡ್ಡಿಯನ್ನೂ ಮುಟ್ಟುವ ಹಾಗಿಲ್ಲ.

'ಒಳ್ಳೆಯದನ್ನೆಲ್ಲ ಮೊದಲು ಅವಳೇ ಬಾಚಿಕೊಳ್ಳುತ್ತಾಳೆ' ಅಂದುಕೊಂಡ ಕೆಂಚರಾಯ, ಗುಹೆಯಲ್ಲಿದ್ದ ಉರಿಮೀಸೆ ಎಂಬ ಮಾಟಗಾರನ ಬಳಿ ಹೋದ.

"ಒಳ್ಳೆಯದು ಕೆಟ್ಟದಾಗಿ ಕಾಣಬೇಕು, ಕೆಟ್ಟದ್ದು ಒಳ್ಳೆಯದಾಗಿ ಕಾಣಬೇಕು."

"ಆಗಲಿ. ಆದರೆ ಯಾರಾದರೂ ಒಳಗೆ ಕಾಲಿಟ್ಟರೆ, ಮುಟ್ಟಿದರೆ, ನನ್ನ ಮಾಯೆ ಉಳಿಯೋದಿಲ್ಲ."

ಮೊದಲ ದಿನ ಹೊಲದ ಪಾಲು. ಹಸಿರು ಗದ್ದೆ ಕಲ್ಲುಗುಡ್ಡವಾಗಿ ಕಂಡಿತು, ಕಲ್ಲುಗುಡ್ಡ ಗದ್ದೆಯಾಗಿ ಕಂಡಿತು. ಸಿರಿಯಮ್ಮ ಎರಡನ್ನೂ ನೋಡಿ, ಕಲ್ಲಿನ ಕಡೆ ನಡೆದಳು.

"ನನಗಿದೇ ಇರಲಿ ಬಿಡಣ್ಣಯ್ಯ."

ಅವಳು ಕಾಲಿಟ್ಟಳು, ಕಲ್ಲು ಕರಗಿ ತೆನೆ ತೂಗಿತು. ಕೆಂಚರಾಯನ ಕಾಲಿಗೆ ಕಲ್ಲು ಚುಚ್ಚಿತು.

ಎರಡನೆಯ ದಿನ ಲಾಯದ ಪಾಲು. ರೆಕ್ಕೆಯ ಕುದುರೆ ಕುಂಟು ಕತ್ತೆಯಾಗಿ ಕಂಡಿತು, ಕುಂಟು ಕತ್ತೆ ರೆಕ್ಕೆಯ ಕುದುರೆಯಾಗಿ ಕಂಡಿತು.

"ನನಗಿದೇ ಇರಲಿ ಬಿಡಣ್ಣಯ್ಯ" ಎಂದು ಸಿರಿಯಮ್ಮ ಕತ್ತೆಯ ಕಿವಿ ಹಿಡಿದಳು. ಕತ್ತೆ ರೆಕ್ಕೆ ಬಿಚ್ಚಿ ಕೆನೆಯಿತು. ಕೆಂಚರಾಯ ಕುಂಟು ಕತ್ತೆಯನ್ನು ಎಳೆದುಕೊಂಡು ಮನೆಗೆ ಬಂದ. ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಸಂಜೆಗೆ ಮತ್ತೆ ಗುಹೆ. "ಅಪ್ಪ ಅವಳ ಕಿವಿಗೆ ಮಾಯೆ ಬಿಡಿಸುವ ಮಂತ್ರವನ್ನೇ ಹೇಳಿದ್ದಾನೆ. ನಾಳೆ ಅರಮನೆಯ ಪಾಲು. ನನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವಳಿಗೆ ಸಿಗಬಾರದು."

ಮಾಟಗಾರ ಮೀಸೆ ನೀವಿದ. "ಹಾಗಾದರೆ ನನ್ನನ್ನೂ ನಿಮ್ಮಪ್ಪನ ಮಗ ಅಂತ ಬರೆಸು. ನನಗೂ ಒಂದು ಪಾಲು."

ಕೆಂಚರಾಯ ಬರೆಸಿಯೇಬಿಟ್ಟ. ಹೊಟ್ಟೆಕಿಚ್ಚಿನಲ್ಲಿ ಕುರುಡಾದವನಿಗೆ ಅಣ್ಣ ಒಬ್ಬ ಹೆಚ್ಚಾದರೇನು?

ಮೂರನೆಯ ದಿನ ಸಾಕ್ಷಿ, ಅಂದರೆ ನಮ್ಮ ಮೂಲಪುರುಷ, ಕೇಳಿದ: "ಸ್ವಾಮಿ, ತಮಗೆ ವಯಸ್ಸೆಷ್ಟು?"

"ಈ ಬೆಟ್ಟ ಬೆಣಚುಕಲ್ಲಾಗಿದ್ದಾಗ ನಾನು ಅದರಲ್ಲಿ ಗೋಲಿ ಆಡಿದ್ದೇನೆ" ಎಂದು ಮಾಟಗಾರ ಎದೆ ಉಬ್ಬಿಸಿದ.

"ಹಾಗಾದರೆ ಹಿರಿಯರು ತಾವೇ. ಪಾಲು ಮಾಡಿ. ಕೊನೆಗೆ ಉಳಿದದ್ದು ತಮಗೆ."

ಮಾಟಗಾರನ ಮೀಸೆ ಇಳಿಯಿತು. ಆದರೂ ಉಪಾಯ ಹೂಡಿದ. ಅರಮನೆಯನ್ನು ಬುಸುಗುಟ್ಟುವ ನಾಗರಹಾವಿನ ಹುತ್ತ ಮಾಡಿದ, ಎರಡು ಇರುವೆಗೂಡುಗಳನ್ನು ಎರಡು ಚಿನ್ನದ ಅರಮನೆ ಮಾಡಿದ. ಹಾವನ್ನು ಯಾರು ಆರಿಸುತ್ತಾರೆ? ಕೊನೆಗೆ ಉಳಿಯುವುದು ತನಗೇ.

ಸಿರಿಯಮ್ಮನ ಮುಖ ಬಿಳಿಚಿತು. ಹಾವು ಹೆಡೆಯೆತ್ತಿತು. ಅವಳು ಸೆರಗು ಬಿಗಿದು ಹುತ್ತದ ಕಡೆಗೇ ಹೆಜ್ಜೆಯಿಟ್ಟಳು.

"ನನಗಿದೇ ಇರಲಿ ಬಿಡಣ್ಣಯ್ಯ."

ಕೆಂಚರಾಯನಿಗೆ ತಡೆಯಲಾಗಲಿಲ್ಲ. "ನಿಲ್ಲೇ! ಒಳ್ಳೆಯದು ಯಾವುದು ಅಂತ ಪ್ರತಿಸಲ ನಿನಗೆ ಹೇಗೆ ಗೊತ್ತಾಗುತ್ತೆ? ಅಪ್ಪ ಯಾವ ಮಂತ್ರ ಹೇಳಿದ?"

"ಮಂತ್ರ ಎಲ್ಲಿಂದ ಬಂತು? 'ನಿಮ್ಮಣ್ಣನಿಗೆ ಹೊಟ್ಟೆಕಿಚ್ಚು ಜಾಸ್ತಿ. ಪಾಲಿನಲ್ಲಿ ಚೆನ್ನಾಗಿ ಕಂಡದ್ದನ್ನು ಅವನಿಗೆ ಬಿಟ್ಟುಬಿಡು, ಮನೆ ಒಡೀಬಾರದು' ಅಂದರು ಅಪ್ಪ. ಬಿಟ್ಟುಕೊಡುತ್ತಲೇ ಬಂದೆ. ಅದು ಹೇಗೆ ಒಳ್ಳೆಯದಾಗುತ್ತೋ ನಾನೇನು ಕಂಡೆ?"

ಹಾಗೆಂದು ಕಣ್ಣುಮುಚ್ಚಿ ಕಾಲಿಟ್ಟಳು. ಹಾವು ಹೊಸಿಲಾಯಿತು, ಹುತ್ತ ಅರಮನೆಯಾಯಿತು.

ಕೆಂಚರಾಯನಿಗೆ ಆಗ ಹೊಳೆಯಿತು. ಮಾಟ ಮಾಡಿಸದೆ ಇದ್ದಿದ್ದರೆ ಗದ್ದೆ ಅವನದು, ಕುದುರೆ ಅವನದು. ಅವನಿಂದ ಅದನ್ನೆಲ್ಲ ಕಿತ್ತುಕೊಂಡವನು ಅವನೇ. ತಲೆತಗ್ಗಿಸಿ ಒಂದು ಚಿನ್ನದ ಅರಮನೆಗೆ ಕಾಲಿಟ್ಟ. ಅದು ಇರುವೆಗೂಡಾಗಿ ಮೊಣಕಾಲಿನವರೆಗೆ ಇರುವೆ ಹತ್ತಿತು. ಇನ್ನೊಂದು ಮಾಟಗಾರನಿಗೆ ಉಳಿಯಿತು. ಒಲ್ಲೆ ಅಂದರೂ ಕಟ್ಟಳೆ ಬಿಡಲಿಲ್ಲ. ಅವನು ಕಾಲಿಡುತ್ತಲೇ ತನ್ನ ಮಾಯೆ ತನಗೇ ತಿರುಗಿ, ಸಾಸಿವೆಯಷ್ಟಾಗಿ ಗೂಡಿನೊಳಗೆ ಇಳಿದುಹೋದ. ಇವತ್ತಿಗೂ ಅಲ್ಲಿ ಇರುವೆಗಳ ಮೂಟೆ ಹೊರುತ್ತಿದ್ದಾನೆ.

ಸಿರಿಯಮ್ಮ ಅರಮನೆಯ ಬಾಗಿಲಿಗೆ ಬಂದು, "ಅಣ್ಣಯ್ಯ, ಇರುವೆ ಕೊಡವಿಕೊಂಡು ಬಾ. ಊಟ ಆರುತ್ತೆ" ಎಂದಳು.

ಅವನು ಅಳುತ್ತಲೇ ಹೋದ. ಇಬ್ಬರೂ ಎರಡು ಪಾಲನ್ನೂ ಕೂಡಿಸಿ, ಒಂದೇ ಒಲೆ ಹಚ್ಚಿ, ಕಡೆಯವರೆಗೂ ಸುಖವಾಗಿ ಬಾಳಿದರು. ಊಟಕ್ಕೆ ಕೂತಾಗ ಮಾತ್ರ ಕೆಂಚರಾಯ ತಂಗಿಯ ಎಲೆಗೆ ಬಿದ್ದ ತುಪ್ಪವನ್ನು ಒಮ್ಮೆ ಓರೆಗಣ್ಣಿನಲ್ಲಿ ನೋಡುತ್ತಿದ್ದನಂತೆ.

ನಂಬಿಕೆ ಬರಲಿಲ್ಲವೇ? ಈಗ ನಾನು ಕೂತಿರುವ ಈ ಮಣೆ ಆ ಅರಮನೆಯದೇ. ಪಾಲು ಮುಗಿದ ದಿನ ಸಿರಿಯಮ್ಮ ತನ್ನ ಕೈಯಾರೆ ನಮ್ಮ ಮೂಲಪುರುಷನಿಗೆ ಕೊಟ್ಟದ್ದು.

ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಸೊಸೆ ಪುಟ್ಟಗೌರಿ ತಲೆಯೆತ್ತಿದಳು. "ಮಾವ, ಸಾಕ್ಷಿ ನಿಂತವನು ಒಂದು ಕಡ್ಡಿಯನ್ನೂ ಮುಟ್ಟಬಾರದು ಅಂದ್ರಲ್ಲ. ಮತ್ತೆ ಮಣೆ ಹೇಗೆ ಬಂತು?"

ನಾನು ಮಣೆಯನ್ನು ಇನ್ನೊಂದಿಷ್ಟು ಗೋಡೆಯ ಕಡೆ ಸರಿಸಿಕೊಂಡೆ.